ಕೆರೆದ ಹೆಸರು

"ಪುಸ್ತಕದ ಆ ಕೊನೇ ಸಾಲನ್ನ ಮಾತ್ರ ಯಾರೂ ಕತ್ತಿಯಿಂದ ಕೆರೀಬಾರ್ದು ತಮ್ಮಾ. ಶಾಪ ಬರೆದಿದೀನಿ ಅಲ್ಲಿ."

ಡೀಟ್‌ಮಾರ್ ನಕ್ಕುಬಿಟ್ಟ. "ಮಸಿ ಬಂದು ಕಚ್ಚುತ್ತೇನಕ್ಕಾ?"

ರೈನ್ ನದಿಯ ದಡದ ಆ ಸನ್ಯಾಸಿನಿಯರ ಮಠಕ್ಕೆ ಅವನು ಹೊಸ ಪಾದ್ರಿ. ಅಕ್ಕ ಇರ್ಮಿನಾ ಅಲ್ಲೇ ತಲೆ ನರೆಸಿಕೊಂಡವಳು. ಕರುವಿನ ಚರ್ಮದ ಹಾಳೆಗಳ ಮೇಲೆ ಕೀರ್ತನೆಗಳನ್ನು ಬರೆದು, ಚಿನ್ನ, ನೀಲಿ ತುಂಬಿ ಚಿತ್ರ ಬಿಡಿಸಿದ್ದಳು. ಕುಂಚದ ತುದಿಯನ್ನು ನಾಲಗೆಯಲ್ಲಿ ಚೂಪು ಮಾಡಿ ಮಾಡಿ ಹಲ್ಲಿನ ಸಂದಿಯೆಲ್ಲ ನೀಲಿಯಾಗಿತ್ತು. ಕೊನೆಯಲ್ಲಿ ತನ್ನ ಹೆಸರು, ಅದರಡಿ ಶಾಪ: ಈ ಹೆಸರನ್ನು ಕೆರೆದವನ ಹೆಸರು ಲೋಕದ ನಾಲಗೆಯಿಂದ ಕೆರೆದುಹೋಗಲಿ.

ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು, ಅಕ್ಷರ ಕಲಿಸಿದವಳು ಅವಳೇ. ಬಿಷಪ್ಪರಿಗೆ ಒಪ್ಪಿಸಲು ಪುಸ್ತಕವನ್ನು ಅವನ ಕೈಗೇ ಕೊಟ್ಟಳು; ದಾರಿಯಲ್ಲಿ ಬಣ್ಣ ಉದುರಿದರೆ ತುಂಬಲೆಂದು ಕುಂಚ, ನೀಲಿಯ ಕುಡಿಕೆಯನ್ನೂ ಜೊತೆಗಿಟ್ಟಳು. ತನ್ನ ಹೆಸರು ಅವರ ಕಣ್ಣಿಗೆ ಬಿದ್ದರೆ ಸಾಕು ಎಂದಳು. ಪಾಪ, ಕುರಿ ಕಾಯಲು ತೋಳನನ್ನು ಬಿಟ್ಟಿದ್ದಳು. ಅಂಥ ಪುಸ್ತಕ ಬರೆದವನಿಗೆ ಬಿಷಪ್ಪರ ಬಳಿ ದೊಡ್ಡ ಪದವಿ ಕಾದಿದೆಯೆಂಬುದು ಅವನಿಗೆ ಗೊತ್ತಿತ್ತು.

ದಾರಿಯ ಛತ್ರದ ಕತ್ತಲ ಕೋಣೆಯಲ್ಲಿ ಅವನು ಕತ್ತಿ ತೆಗೆದು ಅಕ್ಕನ ಹೆಸರನ್ನು ಕೆರೆದ. ಸುಟ್ಟ ಕೊಂಬಿನ ವಾಸನೆ ಎದ್ದಿತು. ಚರ್ಮ ಬೆಚ್ಚಗಿತ್ತು, ಆಗಷ್ಟೇ ಸುಲಿದಂತೆ. ಎಲ್ಲೋ ಕರುವೊಂದು ನರಳಿತು. ಹೊರಗೆ ಕೊಟ್ಟಿಗೆ ಇರಬೇಕು ಎಂದುಕೊಂಡು, ಕುಂಚವನ್ನು ನೀಲಿಯಲ್ಲದ್ದಿ ನೆಕ್ಕಿ ತನ್ನ ಹೆಸರು ಬರೆದ. ನಾಲಗೆ ಮರಗಟ್ಟಿತು.

ಬಿಷಪ್ಪರು ಕೊನೆಯ ಹಾಳೆ ತಿರುವಿದರು. ಅವನು ಬರೆದದ್ದು ಅಲ್ಲಿರಲಿಲ್ಲ. ಕೆರೆದ ಜಾಗದಲ್ಲಿ ಇರ್ಮಿನಾಳ ಹೆಸರು ಹಸಿಹಸಿಯಾಗಿ ಹೊಳೆಯುತ್ತಿತ್ತು.

"ಇದು ಹೆಣ್ಣುಮಗಳ ಹೆಸರು. ನೀನ್ಯಾರಪ್ಪಾ?"

ಬಾಯಿ ತೆರೆದ. ಹೆಸರು ಬರಲಿಲ್ಲ. ಆಗಷ್ಟೇ ತನ್ನನ್ನು ಒಳಗೆ ಬಿಟ್ಟಿದ್ದ ಗುಮಾಸ್ತನತ್ತ ನೋಡಿದ. ಗುಮಾಸ್ತ ಇವನನ್ನು ಎಂದೂ ನೋಡಿಲ್ಲದವನಂತೆ ತಲೆಯಾಡಿಸಿದ. ಕಳ್ಳನೆಂದು ಹೊರಗೆ ದಬ್ಬಿದರು.

ಓಡಿದ. ಬಿದ್ದ. ಎದ್ದು ಓಡಿದ. ಪರಿಚಯದ ಅಂಬಿಗನಿಗೂ ಗುರುತು ಹತ್ತಲಿಲ್ಲ. ಕತ್ತಲೆ ಬೆನ್ನಿಗಂಟಿಕೊಂಡು ಬರುತ್ತಿತ್ತು. ಅಕ್ಕ ಒಬ್ಬಳಾದರೂ ಹೆಸರು ಹಿಡಿದು ಕರೆದರೆ ಸಾಕು. ಬದುಕಿಕೊಂಡೇನು. ಮಠದ ಬಾಗಿಲು ಬಡಿದ.

ಬಾಗಿಲ ಕಿಂಡಿಯ ಸರಳುಗಳಾಚೆ ಇರ್ಮಿನಾ ದೀಪ ಎತ್ತಿದಳು.

"ಅಕ್ಕಾ, ಒಂದೇ ಒಂದ್ಸಲ ನನ್ನ ಹೆಸರು ಹೇಳು."

ಅವಳು ಅಪರಿಚಿತನನ್ನು ನೋಡುವಂತೆ ಅವನ ಮುಖವನ್ನು ದಿಟ್ಟಿಸಿದಳು. ಆಮೇಲೆ ಅವನ ನಾಲಗೆಯ ನೀಲಿ ಕಂಡಿತು. ದೀಪವನ್ನು ಸರಳಿಗೆ ಹತ್ತಿರ ತಂದಳು.

"ಅದು ನನ್ನ ಬಣ್ಣ. ನನ್ನ ತಮ್ಮನ ಕೈಲಿ ಕಳಿಸಿದ್ದೆ, ಪುಸ್ತಕದ ಜೊತೆ." ಅವಳ ತುಟಿಗಳು ಯಾವುದೋ ಹೆಸರಿಗಾಗಿ ತಡಕಾಡಿದವು, ಸಿಗಲಿಲ್ಲ. ಕಣ್ಣು ತುಂಬಿ ಬಂತು. "ಅವನು ನನಗೆ ಮಗ ಇದ್ದ ಹಾಗೆ. ಅವನನ್ನ ಏನು ಮಾಡಿದ್ಯೋ, ಪಾಪಿ?"

ಅವಳು ಕಿಂಡಿ ಮುಚ್ಚಿ ಅಗುಳಿ ಹಾಕಿಕೊಂಡಳು.