ಹತ್ತು ಸಾವಿರದ ಏಳು ಕಲ್ಲುಗಳು

ಬಹಳ ಬಹಳ ಹಿಂದೆ, ಏಳು ಹೊಳೆಗಳಾಚೆ ಬೆಳ್ನೂಲು ಎಂಬ ರಾಜ್ಯವಿತ್ತು. ರಾಜನಿಂದ ತಳವಾರನವರೆಗೆ ಅಲ್ಲಿ ಎಲ್ಲರೂ ನೇಕಾರರೇ. ಮಗ್ಗದ ಹಾಸಿನಲ್ಲಿ ಒಂದು ಎಳೆ ಕಡಿಮೆ ಬಿದ್ದರೆ, ನೇಯುವವರು ತಮ್ಮ ತಲೆಗೂದಲನ್ನೇ ಕಿತ್ತು ಆ ಜಾಗಕ್ಕೆ ಕಟ್ಟುವುದು ಅಲ್ಲಿನ ಪದ್ಧತಿ.

ಒಂದು ಬೆಳಗ್ಗೆ ಅಲ್ಲಿನ ಕೆಂಚವ್ವ ಎಂಬವಳು ತನ್ನ ಗಂಡ ಬೊಮ್ಮಯ್ಯನೊಡನೆ ಜಗಳವಾಡಿ, "ನೀನು ಮನುಷ್ಯನಲ್ಲ, ಕಲ್ಲು!" ಎಂದು ಬೈದು, ನೂಲು ತೊಳೆಯಲು ಹೊಳೆಗೆ ಹೋದಳು. ತಿರುಗಿ ಬಂದಾಗ ಊರು ಸದ್ದಿಲ್ಲದೆ ಬಿದ್ದಿತ್ತು. ರಾಜ, ತಳವಾರ, ತೊಟ್ಟಿಲ ಕೂಸು, ಎಲ್ಲರೂ ಕಲ್ಲಾಗಿದ್ದರು. ಬೊಮ್ಮಯ್ಯ ಬಾಗಿಲಲ್ಲೇ ಕಲ್ಲಾಗಿ, ಅವಳು ಹೋದ ದಾರಿಯತ್ತ ಮುಖ ಮಾಡಿ ನಿಂತಿದ್ದ. ತನ್ನ ಮಾತೇ ತಗುಲಿತೆಂದು ಅವಳು ಎದೆ ಬಡಿದುಕೊಂಡು ಅತ್ತಳು.

ಮಾತು ಅವಳದಾದರೂ ಕೆಲಸ ಮಾಂತ್ರಿಕ ಬೂದಿಕೇತನದು. ಅವನು ಬೆತ್ತ ಹಿಡಿದು ಎದುರಿಗೆ ಬಂದ.

"ಹತ್ತು ಸಾವಿರದ ಏಳು ಕಲ್ಲುಗಳಿವೆ. ಸುಟ್ಟು ಸುಣ್ಣ ಮಾಡಿ ನನ್ನ ಕೋಟೆಗೆ ಬಳಿಯುತ್ತೇನೆ. ಆದರೆ ಮಾಯೆಗೂ ಒಂದು ಕಟ್ಟಳೆ ಉಂಟು. ಇವನ್ನು ಸಮನಾದ ಸಾಲುಗಳಲ್ಲಿ ನಿಲ್ಲಿಸಿದರೆ ಎಲ್ಲರಿಗೂ ಜೀವ. ಒಂದೇ ಸಾಲು ಕೂಡದು, ಒಂಟಿ ಕಲ್ಲಿನ ಸಾಲೂ ಕೂಡದು. ಮೂರು ಸಲ ನೋಡು. ಮೊದಲು ಸೋತರೆ ನಿನ್ನ ಎಡಗೈ ಕಲ್ಲು, ಆಮೇಲೆ ಎಡಗಣ್ಣು, ಕೊನೆಗೆ ನೀನೇ ಕಲ್ಲು."

"ಎಂಟರ ಸಾಲು," ಎಂದಳು ಕೆಂಚವ್ವ. ಕಲ್ಲುಗಳು ತಾವೇ ತೆವಳಿ ಸಾಲುಗಟ್ಟಿದವು. ಕೊನೆಯ ಸಾಲಿನಲ್ಲಿ ಏಳೇ ಇದ್ದವು. ಅವಳ ಎಡಗೈ ಕಲ್ಲಾಗಿ ಜೋತುಬಿತ್ತು.

"ಒಂಬತ್ತರ ಸಾಲು." ಕೊನೆಯ ಸಾಲಿನಲ್ಲಿ ಎಂಟೇ ಇದ್ದವು. ಎಡಗಣ್ಣು ಕಲ್ಲಾಯಿತು.

ಬೂದಿಕೇತ ಹೊಟ್ಟೆ ಹಿಡಿದು ನಕ್ಕ. "ಯಾವ ಸಾಲಿಗೂ ಬಗ್ಗದ ಸಂಖ್ಯೆ ಕಣೇ ಅದು! ಹುಡುಕಿ ಹುಡುಕಿ ಆರಿಸಿದ್ದೇನೆ."

ಗೆದ್ದವನು ಬಾಯಿ ಮುಚ್ಚಿಕೊಂಡಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೆಂಚವ್ವ ಯೋಚಿಸಿದಳು. ಎಂಟಕ್ಕೂ ಒಂದು ಕಡಿಮೆ, ಒಂಬತ್ತಕ್ಕೂ ಒಂದು ಕಡಿಮೆ. ಊರಿನಿಂದ ಹೊರಗಿದ್ದವಳು ತಾನೊಬ್ಬಳೇ. ಹಾಗಾದರೆ ಈ ಪಾಪಿ ತಾನು ಹೊಳೆಗೆ ಹೋಗುವುದನ್ನೇ ಕಾದಿದ್ದ! ಎಂಟೊಂಬತ್ಲೆ ಎಪ್ಪತ್ತೆರಡು ಎಂದು ಅವಳ ತುಟಿ ಮಗ್ಗಿ ಹೇಳಿತು.

"ಎಪ್ಪತ್ತೆರಡರ ಸಾಲು!"

ನೂರ ಮೂವತ್ತೆಂಟು ಸಾಲು ತುಂಬಿದವು. ಕೊನೆಯದರಲ್ಲಿ ಎಪ್ಪತ್ತೊಂದೇ ಕಲ್ಲು, ತುದಿಗೆ ಬೊಮ್ಮಯ್ಯ. ಬೂದಿಕೇತ ಬೆತ್ತವೆತ್ತಿ ಶಾಪ ಕೂಗಿದ. ಆ ಗಳಿಗೆಯಲ್ಲೇ ಕೆಂಚವ್ವ ಓಡಿ ಗಂಡನ ಪಕ್ಕದ ಖಾಲಿ ಜಾಗದಲ್ಲಿ ನಿಂತಳು.

"ಎಳೆ ಕಡಿಮೆ ಬಿದ್ದರೆ ನಮ್ಮದನ್ನೇ ಕಟ್ಟುತ್ತೀವಿ ಕಣೋ," ಎಂದಳು.

ಮಾತು ಆಡಿದರೆ ಹೋಯಿತು. ಶಾಪವನ್ನು ಹಿಂದೆ ಕರೆಯಲು ಬೂದಿಕೇತನಿಂದ ಆಗಲಿಲ್ಲ. ಕೆಂಚವ್ವ ಕಲ್ಲಾದಳು. ಹತ್ತು ಸಾವಿರದ ಎಂಟು ಕಲ್ಲುಗಳು, ನೂರ ಮೂವತ್ತೊಂಬತ್ತು ಸಾಲುಗಳು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಮೊದಲು ತೊಟ್ಟಿಲ ಕೂಸು ಅತ್ತಿತು. ಆಮೇಲೆ ಊರೆಲ್ಲ ಉಸಿರಾಡಿತು. ಮಾಯೆ ತಿರುಗಿ ಬಡಿದು ಬೂದಿಕೇತನೇ ಕಲ್ಲಾದ. ಅವನನ್ನು ಸುಟ್ಟರೆ ಸಿಕ್ಕಿದ್ದು ಬೊಗಸೆ ಸುಣ್ಣ ಅಷ್ಟೇ.

ಸೋತು ಕೊಟ್ಟ ಕೈ, ಕಣ್ಣು ಮಾತ್ರ ಕೆಂಚವ್ವನಿಗೆ ಮರಳಲಿಲ್ಲ. ಅಂದಿನಿಂದ ಅವಳು ಬಲಗೈಯಲ್ಲಿ ಲಾಳಿ ಎಸೆದರೆ, ಎಡಕ್ಕೆ ಕೂತ ಬೊಮ್ಮಯ್ಯ ಹಿಡಿದು ಹಿಂದಕ್ಕೆ ಎಸೆಯುತ್ತಿದ್ದ. ಹೀಗೆ ಬೆಳ್ನೂಲಿನವರೆಲ್ಲ ನೇಯುತ್ತಾ, ಉಡುತ್ತಾ ಸುಖವಾಗಿ ಬಾಳಿದರು. ಗಂಡಹೆಂಡಿರ ಜಗಳವೂ ನಿಲ್ಲಲಿಲ್ಲ. ಆದರೆ ಕಲ್ಲು ಎಂಬ ಬೈಗುಳ ಆ ಮನೆಯಲ್ಲಿ ಮತ್ತೆಂದೂ ಕೇಳಲಿಲ್ಲ.