ಗಾಜಿನ ಮೇಲೆ ಇಬ್ಬರು

"ಕೈ ಹಿಂದಕ್ಕೆ ಕಟ್ಕೋ! ನೋಡು, ಆದ್ರೆ ಮುಟ್ಬೇಡ."

ಚಿಕ್ಕಮ್ಮ ಹೀಗಂದದ್ದು ಅದೆಷ್ಟನೇ ಸಲವೋ. ಅನ್ನದೆ ಏನು ಮಾಡುತ್ತಾಳೆ ಪಾಪ! ಎದುರಿಗೆ ನಿಂತಿದ್ದವಳು ಗಿರಗಿಟ್ಲೆ. ಒಂದು ಕಡೆ ನಿಲ್ಲುವ ಹುಡುಗಿಯಲ್ಲ ಎಂದೇ ಮನೆಮಂದಿ ಆ ಹೆಸರಿಟ್ಟಿದ್ದರು.

ಆದರೆ ಇವತ್ತು ಗಿರಗಿಟ್ಲೆ ಸುತ್ತುತ್ತಿರಲಿಲ್ಲ. ಸ್ಕೂಲ್ ಬ್ಯಾಗ್ ಕೂಡ ಇಳಿಸದೆ, ಆಸ್ಪತ್ರೆಯ ಲ್ಯಾಬಿನ ಮೇಜಿನ ಮೇಲಿದ್ದ ಒಂದು ಗಾಜಿನ ಪಟ್ಟಿಯನ್ನೇ ನೋಡುತ್ತಿದ್ದಳು. ಕಳೆದ ವಾರ ಡಾಕ್ಟರು ಅಮ್ಮನ ಎದೆಯಿಂದ ಒಂದು ಗಡ್ಡೆ ತೆಗೆದಿದ್ದರು. ಕ್ಯಾನ್ಸರ್ ಗಡ್ಡೆ. ಅದರಿಂದ ಕೂದಲಿಗಿಂತ ತೆಳ್ಳಗೆ ಹೆರೆದ ಚೂರು ಆ ಗಾಜಿಗೆ ಅಂಟಿತ್ತು.

ಅಂಥ ಚೂರುಗಳಿಗೆ ಬಣ್ಣ ಹಾಕುವುದೇ ಚಿಕ್ಕಮ್ಮನ ಕೆಲಸ. ನಿನ್ನೆ ಅಡುಗೆಮನೆಯಲ್ಲಿ ಅವಳು ಅಪ್ಪನಿಗೆ ಮೆಲ್ಲಗೆ ಹೇಳುತ್ತಿದ್ದುದನ್ನು ಗಿರಗಿಟ್ಲೆ ಕದ್ದು ಕೇಳಿದ್ದಳು. "ಒಂದು ಪ್ರೋಟೀನ್ ಇದೆ ಭಾವ. ಗಡ್ಡೆಯಲ್ಲಿ ಅದು ಜಾಸ್ತಿ ಇದ್ರೆ, ನಾನು ಚೂರಿಗೆ ಬಣ್ಣದ ಔಷಧಿ ಹಾಕಿದಾಗ ಕಂದು ಬಣ್ಣ ಬರುತ್ತೆ. ಅಂಥ ಗಡ್ಡೆ ಬೇಗ ಬೇರೆ ಕಡೆಗೂ ಹರಡುತ್ತೆ. ಇಲ್ದಿದ್ರೆ ಬರೀ ನೀಲಿ."

ಅಪ್ಪ ತೊಳೆದ ಲೋಟವನ್ನೇ ಮತ್ತೆ ತೊಳೆದಿದ್ದರು.

ನೀಲಿ, ನೀಲಿ, ನೀಲಿ. ಇವತ್ತು ಗಣಿತದ ಪೀರಿಯಡ್‌ನಲ್ಲೂ ಅವಳ ತಲೆಯಲ್ಲಿ ಅದೊಂದೇ.

ಚಿಕ್ಕಮ್ಮ ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಅಷ್ಟರಲ್ಲಿ ಪಕ್ಕದ ರೂಮಿನಿಂದ ಯಾರೋ ಕರೆದರು. "ಬಂದೆ, ಇಲ್ಲೇ ಇರು," ಎಂದು ಹೋದಳು.

ಗಿರಗಿಟ್ಲೆ ಸ್ಟೂಲ್ ಹತ್ತಿ ಕಣ್ಣಿಟ್ಟಳು. ಅಬ್ಬಾ! ಒಳಗೆ ಒಂದು ಊರೇ ಇತ್ತು. ದುಂಡು ದುಂಡು ಮನೆಗಳು, ಸಂದಿಗೊಂದಿಗಳು, ಖಾಲಿ ಅಂಗಳಗಳು. ತಾನು ಮೋಡದ ಮೇಲೆ ಬೋರಲು ಮಲಗಿ ಕೆಳಗೆ ನೋಡುತ್ತಿದ್ದೇನೆ ಅನಿಸಿತು. ಊರಲ್ಲಿ ಒಂದು ಸದ್ದಿಲ್ಲ, ಒಬ್ಬರ ಓಡಾಟವಿಲ್ಲ. ಪ್ರತಿ ಮನೆಯ ಸುತ್ತ ಒಂದೊಂದು ಬೇಲಿ.

ಬೇಲಿಗಳೆಲ್ಲ ಕಂದು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಕಂದೇ!

ಡಾಕ್ಟರಂತೂ ಇನ್ನೂ ನೋಡಿಲ್ಲ. ಹಾಕಿದ ಬಣ್ಣ ತಾನೇ, ತೊಳೆದರೆ ಹೋಗಬಹುದು! ಯೂನಿಫಾರ್ಮಿನ ಮೇಲಿನ ಇಂಕು ಹೋಗಿರಲಿಲ್ಲವೇ? ಗಾಜನ್ನು ಎತ್ತಿಕೊಂಡು ಮೂಲೆಯ ನಲ್ಲಿಯ ಹತ್ತಿರ ಹೋದಳು. ನಲ್ಲಿ ತಿರುಗಿಸಿದಳು.

"ಏಯ್! ಏನೇ ಮಾಡ್ತಿದ್ದೀಯಾ?" ಚಿಕ್ಕಮ್ಮ ಓಡಿ ಬಂದು ಅವಳ ಕೈ ಹಿಡಿದಳು. ಇನ್ನೇನು ನೀರು ಗಾಜಿಗೆ ತಾಗುವುದರಲ್ಲಿತ್ತು.

"ಕಂದು ಬಂದಿದೆ ಚಿಕ್ಕಮ್ಮ... ತೊಳೆದುಬಿಡೋಣ... ಡಾಕ್ಟರಿಗೆ ಹೇಳ್ಬೇಡ..." ಗಿರಗಿಟ್ಲೆಗೆ ಅಳು ಒತ್ತರಿಸಿ ಬಂತು.

ಚಿಕ್ಕಮ್ಮನ ಬಾಯಿಗೆ ಬಂದಿದ್ದ ಬೈಗುಳ ಅಲ್ಲೇ ನಿಂತಿತು. ಗಾಜನ್ನು ಬೆಳಕಿಗೆ ಹಿಡಿದಳು. "ಅಯ್ಯೋ ಪೆದ್ದೇ, ಸರಿಯಾಗಿ ನೋಡು. ಎಷ್ಟು ಚೂರಿದೆ ಇದ್ರಲ್ಲಿ?"

ಎರಡಿದ್ದವು. ನಡುವೆ ದೊಡ್ಡದೊಂದು, ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಚಿಕ್ಕದೊಂದು.

"ನಾನು ಮೊದಲು ನೋಡೋಕೆ ಇಟ್ಟಿದ್ದು ತುದಿಯದು, ನೀನು ನೋಡಿದ್ದೂ ಅದನ್ನೇ. ಅದು ನಿಮ್ಮಮ್ಮಂದಲ್ಲ, ಬೇರೆ ಯಾರದೋ. ಅದ್ರಲ್ಲಿ ಆ ಪ್ರೋಟೀನ್ ಇದೆ ಅಂತ ನಮಗೆ ಮೊದಲೇ ಗೊತ್ತು. ಪ್ರತಿ ಗಾಜಿಗೂ ಅಂಥದ್ದೊಂದು ಅಂಟಿಸ್ತೀವಿ."

"ಯಾಕೆ?"

"ನನ್ನ ಔಷಧಿ ಕೆಟ್ಟಿದ್ರೆ ಯಾವುದಕ್ಕೂ ಕಂದು ಹತ್ತಲ್ಲ. ಆಗ ನಿಮ್ಮಮ್ಮಂದು ನೀಲಿ ಕಂಡ್ರೂ ನಂಬೋ ಹಾಗಿಲ್ಲ. ತುದಿಯ ಇವರು ಕಂದಾಗಿದ್ರೆ ಮಾತ್ರ ಆ ನೀಲಿ ನಿಜವಾದ ನೀಲಿ."

"ಹಾಗಾದ್ರೆ ಅಮ್ಮಂದು?"

"ಅದನ್ನ ಡಾಕ್ಟರೇ ನೋಡಿ ಹೇಳ್ಬೇಕು."

ಚಿಕ್ಕಮ್ಮ ಗಾಜನ್ನು ಮತ್ತೆ ಮೈಕ್ರೋಸ್ಕೋಪಿನ ಕೆಳಗಿಟ್ಟಳು; ಲ್ಯಾಬಿನ ಡಾಕ್ಟರಮ್ಮ ಬಂದು ಕೂತರು. ಮೊದಲು ತುದಿಯ ಚೂರನ್ನು ನೋಡಿ, "ಹ್ಞೂಂ, ಚೆನ್ನಾಗಿ ಬಂದಿದೆ," ಅಂದರು. ಆಮೇಲೆ ಗಾಜನ್ನು ಇಷ್ಟೇ ಇಷ್ಟು ಸರಿಸಿದರು. ಗಿರಗಿಟ್ಲೆ ತಾನಾಗಿಯೇ ಕೈ ಹಿಂದಕ್ಕೆ ಕಟ್ಟಿಕೊಂಡಳು. ಗೋಡೆಯ ಫ್ಯಾನು ಅತ್ತ ತಿರುಗಿತು, ಇತ್ತ ತಿರುಗಿತು.

"ನೀಲಿ," ಅಂದರು ಡಾಕ್ಟರಮ್ಮ. "ಎಲ್ಲಾ ಕಡೆ ನೀಲಿನೇ. ಟ್ರೀಟ್‌ಮೆಂಟು, ಓಡಾಟ ಎಲ್ಲಾ ಇನ್ನೂ ಇದೆ ಪುಟ್ಟಿ. ಆದ್ರೆ ಒಂದು ದೊಡ್ಡ ಭಯ ಕಳೀತು."

ಚಿಕ್ಕಮ್ಮ ಗ್ಲೌಸ್ ಹಾಕಿದ ಕೈಯಲ್ಲೇ ಕಣ್ಣೊರೆಸಿಕೊಳ್ಳಲು ಹೋಗಿ, ನೆನಪಾಗಿ, ತೋಳಿಗೆ ಒರೆಸಿಕೊಂಡಳು. ಗಿರಗಿಟ್ಲೆಯಂತೂ ನಿಂತಲ್ಲೇ ಗಿರ್ರನೆ ಒಂದು ಸುತ್ತು ಸುತ್ತಿದಳು. ಆಮೇಲೆ ತಟ್ಟನೆ ನಿಂತಳು.

"ತುದಿಯಲ್ಲಿರೋರು ಯಾರು ಚಿಕ್ಕಮ್ಮ? ಅವರು ಹುಷಾರಾದ್ರಾ?"

"ಗೊತ್ತಿಲ್ಲ ಕಣೇ. ನಮಗೆ ಅವರ ಹೆಸರೂ ಗೊತ್ತಿಲ್ಲ."

ಗಿರಗಿಟ್ಲೆ ಮತ್ತೆ ಸ್ಟೂಲ್ ಹತ್ತಿದಳು, ಈ ಸಲ ಕೇಳಿಯೇ. ಅಮ್ಮನ ಊರು ಸಂಜೆ ದೀಪ ಹಚ್ಚುವ ಮೊದಲಿನ ಹೊತ್ತಿನಂತೆ ತಣ್ಣಗೆ, ನೀಲಿಯಾಗಿ ಮಲಗಿತ್ತು. ಅದನ್ನು ನೋಡಿಯಾದ ಮೇಲೆ ಚಿಕ್ಕಮ್ಮನಿಗೆ ಹೇಳಿ ಗಾಜನ್ನು ಸರಿಸಿಕೊಂಡಳು. ಕಂದು ಬೇಲಿಗಳ ಊರನ್ನೂ ಅಷ್ಟೇ ಹೊತ್ತು ನೋಡಿದಳು.

ಮನೆಗೆ ಬಂದಾಗ ಅಮ್ಮ ಕಿಟಕಿಯ ಬಳಿ ದಿಂಬಿಗೊರಗಿ ಕೂತಿದ್ದಳು. ಚಿಕ್ಕಮ್ಮ ಫೋನಿನಲ್ಲಿ ಆಗಲೇ ಎಲ್ಲ ಹೇಳಿದ್ದಳು.

"ನನ್ನನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ಯಂತೆ? ಹೇಗಿದ್ದೆ?"

"ನೀಲಿ." ಗಿರಗಿಟ್ಲೆ ನೋವಿಲ್ಲದ ಕಡೆ ಅಮ್ಮನಿಗೆ ಒರಗಿ ಕೂತಳು. "ನಿನ್ನ ಪಕ್ಕದಲ್ಲಿ ಒಬ್ರು ಇದ್ರು ಅಮ್ಮ."

"ಯಾರೇ?"



"ಹೆಸರು ಗೊತ್ತಿಲ್ಲ. ನಿನ್ನ ಜೊತೆಗೆ ಅಂತ ಬಂದಿದ್ರು."