ಎಮರಾಲ್ಡಿನಿಂದ ಬಂದ ರಕ್ತ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ರಕ್ತ, ಮಜ್ಜೆ, ಸಂಶೋಧನೆ ಎಂದೆಲ್ಲ ಬರೆಯುವಷ್ಟು ಓದು ನನಗಿಲ್ಲ. ಎಲ್ಲಾದರೂ ತಪ್ಪಿದ್ದರೆ ಅದು ನನ್ನದು, ಜೀವಿತಾಳದ್ದಲ್ಲ. ಆದರೂ ಅವಳ ಕಥೆ ಹೇಳದೆ ಇರಲು ಮನಸ್ಸು ಒಪ್ಪುತ್ತಿಲ್ಲ...

"ಸೂಜಿಗೆ ಹೆದರಿಕೆಯಾ?"

ನೀಲಗಿರಿ ಬೆಟ್ಟದ ಊರು ಎಮರಾಲ್ಡಿನ ಹಟ್ಟಿಯ ಸಮುದಾಯ ಭವನದಲ್ಲಿ ಸಿರಿಂಜ್ ಹಿಡಿದು ನಿಂತಿದ್ದ ಜೀವಿತಾ ಕೇಳಿದಳು. ಕೊಯಮತ್ತೂರಿನ ಪ್ರಯೋಗಾಲಯದ ವಿಜ್ಞಾನಿ ಅವಳು. ಸಂಶೋಧನೆಗೆ ಆರೋಗ್ಯವಂತರ ರಕ್ತ ಬೇಕೆಂದು ಬಂದಿದ್ದಳು. ಎದುರಿಗೆ ತೋಳು ಚಾಚಿ ಕೂತಿದ್ದವನು ಸುರೇಂದ್ರನ್, ಅಲ್ಲಿ ಕ್ಯಾರೆಟ್, ಬ್ರೊಕೊಲಿಯಂಥ ಇಂಗ್ಲಿಷ್ ತರಕಾರಿ ಬೆಳೆಯುವವನು.

"ಸೂಜಿ ಬಿಡಿ ಡಾಕ್ಟರಮ್ಮ, ನೀವು ನೋಡೋ ನೋಟಕ್ಕೇ ಭಯ! ಮಂಡಿಯವರು ಕ್ಯಾರೆಟ್ ಆರಿಸೋ ಹಾಗೆ ನೋಡ್ತೀರಿ."

ಅವಳು ನಕ್ಕಳು. ಸೂಜಿ ತಾಗಿತು. ಅಷ್ಟೇ... ಅವನು ಎಚ್ಚರ ತಪ್ಪಿ ಅವಳ ಭುಜಕ್ಕೇ ಒರಗಿದ!

ಭವನಕ್ಕೆ ಭವನವೇ ನಕ್ಕಿತು. "ಬಿಡು ತಂಗಿ, ನಾಳೆ ಮಲಗಿಸಿ ನಾನೇ ತೆಗೀತೀನಿ ಈ ವೀರನ ರಕ್ತ" ಎಂದಳು ನರ್ಸ್ ವಸಂತಾಮಣಿ.

"ಕೊಯಮತ್ತೂರಿಗೆ ತಂದು ಕೊಡೋದು ನಾನೇ" ಎಂದ ಅವನು, ಕಣ್ಣು ಬಿಡುತ್ತಲೇ. "ನನ್ನ ಲೋಡ್ ಹೇಗೂ ಘಾಟಿ ಇಳಿಯುತ್ತೆ."

ಅವನು ತನ್ನ ರಕ್ತದ ಟ್ಯೂಬ್ ತಂದ ದಿನ ಜೀವಿತಾ ಮೀಟಿಂಗಿನಲ್ಲಿದ್ದಳು. ಹೊಸದಾಗಿ ಸೇರಿದ್ದ ಸಹಾಯಕಿ ಜನನಿ ಅದನ್ನು ಪಡೆದು, ಏನೂ ವಿಚಾರಿಸದೆ, ಕೋಶ ಬೆಳೆಸುವ ತಟ್ಟೆಗೆ ಹಾಕಿದಳು. ಆಮೇಲೆ ಶುರುವಾಯಿತು ಫೋನು. ಅವನು ಹಿಮ ಬಿದ್ದು ಸುಟ್ಟ ಸಸಿಗಳ ಮಾತಾಡಿದರೆ, ಅವಳು ತಾಯಿಕೋಶಗಳ ಮಾತಾಡುತ್ತಿದ್ದಳು. ಮಜ್ಜೆಯಲ್ಲಿದ್ದು ರಕ್ತವನ್ನೆಲ್ಲ ಹುಟ್ಟಿಸುವ ಕಾಂಡಕೋಶಗಳಿಗೆ ಅವಳಿಟ್ಟ ಹೆಸರು ಅದು.

ಅವಳ ಅಪ್ಪ ಮಹಾಲಿಂಗಂ ತೀರಿಕೊಂಡದ್ದು ಆ ಕೋಶಗಳು ಬತ್ತಿಹೋಗಿ. ಮೈಯನ್ನು ಕಾಯಬೇಕಾದ ಕಾವಲು ಕೋಶಗಳೇ ಅವನ್ನು ಕೊಂದಿದ್ದವು. ಏಕೆ? ಆ ಒಂದು ಪ್ರಶ್ನೆಯೇ ಅವಳನ್ನು ವಿಜ್ಞಾನಿ ಮಾಡಿತ್ತು.

ಒಂದು ಬೆಳಿಗ್ಗೆ ಅಮ್ಮ ಪಂಕಜಂ ಫೋನ್ ಮಾಡಿದಳು. "ಎಮರಾಲ್ಡಿನ ಸುರೇಂದ್ರನ್ ಮನೆಯವರು ಹೆಣ್ಣು ಕೇಳಿ ಕಳಿಸಿದ್ದಾರೆ ಮಗಾ. ಹೂಂ ಅನ್ನಲಾ?"

'ಹೂಂ' ಗಂಟಲಿನ ತನಕ ಬಂದಿತ್ತು. ಆದರೆ ಅವಳ ಕಣ್ಣು ಆಗ ಸೂಕ್ಷ್ಮದರ್ಶಕದಲ್ಲಿತ್ತು. ಬೇರೆಯವರ ತಟ್ಟೆಗಳಲ್ಲೆಲ್ಲ ಕೆಂಪು ಗುಂಪುಗಳು ಮೊಳೆತಿದ್ದವು. ಸುರೇಂದ್ರನದು... ಖಾಲಿ. ಒಂದೇ ಒಂದು ಕೋಶವೂ ಹುಟ್ಟಿರಲಿಲ್ಲ!

'ಅಪ್ಪನದೂ ಹೀಗೇ ಇತ್ತೇನೋ...'

"ಈಗ ಬೇಡಮ್ಮ" ಎಂದು ಫೋನ್ ಇಟ್ಟುಬಿಟ್ಟಳು.

ಖಾತ್ರಿಯಾಗದ ಫಲಿತಾಂಶವನ್ನು ರಕ್ತ ಕೊಟ್ಟವರಿಗೆ ಹೇಳುವಂತಿಲ್ಲ, ಅದು ನಿಯಮ. ಹೇಳುವ ಧೈರ್ಯವಂತೂ ಮೊದಲೇ ಇರಲಿಲ್ಲ. ಅವನ ಕರೆಗಳು ಬಂದವು, ಅವಳು ಎತ್ತಲಿಲ್ಲ. ಕಡೆಗೆ ಅವೂ ನಿಂತವು. ಆ ಮೌನವನ್ನು ತಡೆಯಲಾರದೆ, ಇನ್ನೊಮ್ಮೆ ರಕ್ತ ತೆಗೆಯುವ ನೆಪದಲ್ಲಿ ಅವಳು ಬಸ್ಸು ಹತ್ತಿದಳು.

ಎಮರಾಲ್ಡಿನ ಅಣೆಕಟ್ಟಿಗಿಂತ ಮೇಲಿನ ಇಳಿಜಾರಿನ ಹೊಲದಲ್ಲಿ ಅವನು ಬ್ರೊಕೊಲಿ ಕೊಯ್ಯುತ್ತಿದ್ದ. ತಲೆ ಎತ್ತಲಿಲ್ಲ.

"ಬೇಡ ಅಂತ ಅಮ್ಮನ ಹತ್ತಿರ ಹೇಳಿಸಿದ್ರಲ್ಲ. ಮತ್ತೆ ಯಾಕೆ ಬಂದ್ರಿ?"

"ನಿಮ್ಮ ರಕ್ತ ಇನ್ನೊಮ್ಮೆ ಬೇಕು."

"ಮನಸ್ಸು ಬೇಡ, ರಕ್ತ ಮಾತ್ರ ಬೇಕಾ?" ಅವನ ದನಿ ಒಡೆಯಿತು. "ಮೊದಲು ಕೊಟ್ಟಿದ್ದಕ್ಕೆ ಏನಾಯ್ತು? ಎಷ್ಟು ಜೋಪಾನವಾಗಿ ತಂದಿದ್ದೆ ಗೊತ್ತಾ? ಕೆಳಗಿನ ಬಿಸಿಲಿಗೆ ಕೆಡಬಾರದು ಅಂತ, ಬ್ರೊಕೊಲಿ ಪೆಟ್ಟಿಗೆಯ ಐಸ್ ನಡುವೆ ಹೂತಿಟ್ಟು!"

ಜೀವಿತಾ ಬದು ದಾಟಿ ಅವನೆದುರಿಗೇ ಬಂದಳು.

"ಏನಂದ್ರಿ... ಐಸಾ?"

"ಮತ್ತೆ? ಐಸ್ ಇಲ್ಲದೆ ಬ್ರೊಕೊಲಿ ಘಾಟಿ ಕೆಳಗಿನ ಮೇಟುಪಾಳ್ಯಂ ತನಕಾನೂ ತಾಳಲ್ಲ."

"ಅಯ್ಯೋ ಮಂಕೇ! ರಕ್ತ ಬ್ರೊಕೊಲಿ ಅಲ್ಲ! ಐಸಾಗಿಬಿಟ್ಟರೆ ಕೋಶಗಳೆಲ್ಲ ಸತ್ತೇ ಹೋಗ್ತವೆ!"

ಅವಳು ನಕ್ಕಳು, ಹೊಲದ ಬದುವಿನಲ್ಲೇ ಕುಸಿದು ಕೂತು ಅತ್ತಳು. ಖಾಲಿ ತಟ್ಟೆ, ಅಪ್ಪ, ನುಂಗಿಕೊಂಡ 'ಹೂಂ', ಎಲ್ಲವನ್ನೂ ಬಿಕ್ಕುತ್ತಲೇ ಹೇಳಿದಳು. ನಿಯಮವನ್ನೂ ಮರೆತಳು.

ಅವನು ಮಣ್ಣುಗೈಯನ್ನು ಅಂಗಿಗೆ ಒರೆಸಿಕೊಂಡು ಅವಳ ಪಕ್ಕ ಕೂತ.

"ನಾನು ಸಾಯ್ತೀನಿ ಅಂತ ಒಬ್ಬಳೇ ಅಳ್ತಿದ್ದೆಯಾ? ಒಂದು ಮಾತು ಕೇಳಬಾರದಿತ್ತಾ?"

'ನೀವು' ಯಾವಾಗ ಜಾರಿಹೋಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಈ ಸಲವೂ ವಸಂತಾಮಣಿ ಅವನನ್ನು ಮಲಗಿಸಿಯೇ ರಕ್ತ ತೆಗೆದಳು. ಅವನ ಇನ್ನೊಂದು ಕೈ ಜೀವಿತಾಳ ಕೈಯಲ್ಲಿತ್ತು. ಆದರೂ ಕಣ್ಣು ಮುಚ್ಚಿಕೊಂಡಿದ್ದ! ಟ್ಯೂಬನ್ನು ಅವಳೇ ಹತ್ತಿಯಲ್ಲಿ ಸುತ್ತಿ ಒಯ್ದಳು.

ಕಾಯುವ ದಿನಗಳು ಮುಗಿದವು. ತಟ್ಟೆಯ ತುಂಬ ಕೆಂಪು ಮೊಳಕೆ!

"ಹುಟ್ಟಿವೆ!" ಎಂದು ಅವಳು ಫೋನಿನಲ್ಲಿ ಕೂಗಿದಳು.

"ಹಾಗಾದ್ರೆ ನಿಮ್ಮಮ್ಮನಿಗೆ ಏನು ಹೇಳ್ತೀಯಾ?"

"ಹೂಂ ಅಂತ."

ಅವನು ಮೆಲ್ಲಗೆ ಕೇಳಿದ, "ನಿಮ್ಮಪ್ಪನ ಪ್ರಶ್ನೆ? ಅದಕ್ಕೆ ಉತ್ತರ ಸಿಕ್ತಾ?"

"ಇಲ್ಲ ಸುರೇಂದ್ರಾ..."

"ಹುಡುಕು. ಹಟ್ಟಿಯವರ ಟ್ಯೂಬೆಲ್ಲ ನಾನು ಹೊರ್ತೀನಿ. ಐಸ್ ಇಲ್ಲದೆ!"

ಕಾಯಬೇಕಾದ ಕೋಶಗಳೇ ಒಂದು ದಿನ ಮನೆಯವರ ಮೇಲೆ ಏಕೆ ತಿರುಗಿಬೀಳುತ್ತವೆ? ಜೀವಿತಾಳಿಗೆ ಇನ್ನೂ ಗೊತ್ತಿಲ್ಲ. ನನಗಂತೂ ಗೊತ್ತಿಲ್ಲ.